ಹಕ್ಕುಪತ್ರ ಸೋಲಿಗರಿಗೆ, ಕಾಡಿನ ಆಡಳಿತ ಯಾರಿಗೆ?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಪತ್ರ ದೊರೆತಾಗ, ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಮನ್ನಣೆ ದೇಶದಲ್ಲೇ ಮೊದಲನೆಯದೆಂದು ಅದನ್ನು ಕೊಂಡಾಡಲಾಯಿತು. ಕೊಂಡಾಟಕ್ಕೆ ಕಾರಣವಿತ್ತು, ಆದರೆ ಕಾಗದ ಕೈಸೇರಿದಷ್ಟು ಸುಲಭವಾಗಿ ಕಾಡಿನ ಆಡಳಿತ ಕೈಸೇರಲಿಲ್ಲ, ಅದನ್ನು ಸೇರಿಸುವ ಮನಸ್ಸನ್ನು ಆ ಬಳಿಕ ಬಂದ ಯಾವ ಸರ್ಕಾರವೂ ಮಾಡಲಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆಯು ಜೇನು, ನೆಲ್ಲಿಕಾಯಿ, ಪಾಚಿ ಮೊದಲಾದ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕನ್ನಷ್ಟೇ ಅಲ್ಲ, ತಲೆಮಾರುಗಳಿಂದ ಬಳಸಿ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ಪುನರುಜ್ಜೀವಿಸುವ, ನಿರ್ವಹಿಸುವ ಹಕ್ಕನ್ನೂ ಗ್ರಾಮಸಭೆಗೆ, ಅಂದರೆ ಪೋಡಿನ (ಸೋಲಿಗರ ಹಾಡಿಯ) ವಯಸ್ಕರೆಲ್ಲರೂ ಸೇರುವ ಸಭೆಗೆ, ಕೊಡುತ್ತದೆ. ನಿರ್ವಹಣೆಯ ಈ ಹಕ್ಕೇ ಇಂದು ಸೊರಗಿರುವುದು. ಬೇಸಿಗೆಗೆ ಮುನ್ನ ಒಣತರಗನ್ನು ಸುಟ್ಟು ನೆಲವನ್ನು ಹಸನುಗೊಳಿಸುತ್ತಿದ್ದ ‘ತರಗು ಬೆಂಕಿ’ಯ ಪದ್ಧತಿಯನ್ನು ನಿಷೇಧಿಸಿದ್ದರಿಂದಲೇ ಲಂಟಾನ ಕಳೆ ಬೆಟ್ಟವನ್ನು ನುಂಗಿತೆಂದು ಸೋಲಿಗ ಹಿರಿಯರು ಹೇಳುತ್ತ ಬಂದಿದ್ದಾರೆ. ಆ ಅನುಭವವನ್ನು ಪರೀಕ್ಷಿಸಿ ನಿರ್ಧಾರ ಕೈಗೊಳ್ಳುವ ಅಧಿಕಾರ ಗ್ರಾಮಸಭೆಗೆ ಇಲ್ಲದಿದ್ದರೆ ನಿರ್ವಹಣೆಯ ಹಕ್ಕಿಗೆ ಉಳಿಯುವ ಅರ್ಥವೇನು?

ಕೆನಡಾದ ಉತ್ತರದಲ್ಲಿ, ಇನ್ಯೂಟ್ ಮೂಲನಿವಾಸಿಗಳೇ ಬಹುಸಂಖ್ಯಾತರಾಗಿರುವ ನುನಾವುಟ್‌ನಲ್ಲಿ, ಇದೇ ಪ್ರಶ್ನೆಗೆ ಬೇರೆ ಬಗೆಯ ಉತ್ತರ ಸಿದ್ಧವಾಗುತ್ತಿದೆ. ಸರ್ಕಾರಿ ಭೂಮಿ, ನೀರು ಮತ್ತು ಖನಿಜಗಳ ಆಡಳಿತವನ್ನು ಕೇಂದ್ರದಿಂದ ಪ್ರಾದೇಶಿಕ ಸರ್ಕಾರಕ್ಕೆ ವಹಿಸುವ ಒಪ್ಪಂದಕ್ಕೆ 2024ರ ಜನವರಿ 18ರಂದು ಸಹಿಯಾಯಿತು. ಅಧಿಕಾರ ಕೈಬದಲಾಗುವ ದಿನವನ್ನು 2027ರ ಏಪ್ರಿಲ್ 1 ಎಂದು ಗುರುತಿಸಿ, ನಡುವಿನ ಅವಧಿಯನ್ನು ಹಣಕಾಸು, ಸಿಬ್ಬಂದಿ ಮತ್ತು ತರಬೇತಿಯ ಸಿದ್ಧತೆಗೆ ಮೀಸಲಿಡಲಾಗಿದೆ. ಅಲ್ಲಿನದು ಪೂರ್ಣ ಪ್ರಮಾಣದ ಪ್ರಾದೇಶಿಕ ಸರ್ಕಾರ, ಇಲ್ಲಿನದು ಪೋಡುಗಳ ಸಭೆ ಎಂಬುದು ನಿಜ. ಆದರೆ ದಿನ ಗೊತ್ತುಮಾಡಿ, ಸಿದ್ಧತೆಯೊಂದಿಗೆ ಅಧಿಕಾರ ವಹಿಸಿಕೊಡುವ ಆ ಕ್ರಮ ಇಲ್ಲಿಗೂ ಪಾಠವೇ. ಆದಿವಾಸಿ ಪ್ರದೇಶಗಳಿಗೆ ವಿಶೇಷ ಆಡಳಿತವನ್ನು ಒದಗಿಸುವ ಸಂವಿಧಾನದ ಐದನೆಯ ಅನುಸೂಚಿಯಲ್ಲಿ ಕರ್ನಾಟಕದ ಒಂದು ಹಳ್ಳಿಯೂ ಸೇರಿಲ್ಲವಾದ್ದರಿಂದ, ಅಂಥ ಪ್ರದೇಶಗಳ ಗ್ರಾಮಸಭೆಗಳಿಗೆ ಅಧಿಕಾರ ನೀಡುವ 1996ರ ಪೆಸಾ ಕಾಯ್ದೆಯ ಆಸರೆಯೂ ಸೋಲಿಗರಿಗಿಲ್ಲ. ಹಾಗಿರುವಾಗ ಉಳಿದಿರುವ ಒಂದೇ ಕಾನೂನಾದ ಅರಣ್ಯ ಹಕ್ಕು ಕಾಯ್ದೆಯನ್ನು ಅರೆಬರೆಯಾಗಿ ಜಾರಿಗೊಳಿಸುವುದು ಅನ್ಯಾಯದ ಮೇಲಿನ ಅನ್ಯಾಯ.

ಜನ ಹೊರಟರೆ ಮಾತ್ರ ಹುಲಿ ಉಳಿಯುತ್ತದೆಂಬ ವಾದ ಇನ್ನೂ ಬಲವಾಗಿದೆ. 2024ರ ಜೂನ್‌ನಲ್ಲಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರವು ಹುಲಿ ಪ್ರದೇಶಗಳ ತಿರುಳಿನಲ್ಲಿರುವ 591 ಹಳ್ಳಿಗಳ ಸ್ಥಳಾಂತರಕ್ಕೆ ಆದ್ಯತೆ ನೀಡುವಂತೆ ರಾಜ್ಯಗಳಿಗೆ ಬರೆಯಿತು. ಬಿಳಿಗಿರಿಯಲ್ಲಿ ಸೋಲಿಗರು ನೆಲೆಸಿರುವಾಗಲೇ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆನಿಸಿಕೊಳ್ಳುವಷ್ಟು ಸಮೃದ್ಧವಾಗಿತ್ತು ಎಂಬ ಸರಳ ಸತ್ಯವನ್ನು ಈ ವಾದ ಎದುರಿಸುವುದೇ ಇಲ್ಲ.

ಬೆಂಗಳೂರಿನ ಓದುಗರಿಗೂ ಈ ವಿಷಯ ದೂರದ್ದಲ್ಲ. ಕತ್ರಿಗುಪ್ಪೆಯ ನಲ್ಲಿಗಳಿಗೆ ಬರುವ ಕಾವೇರಿಗೆ ಬಿಳಿಗಿರಿಯ ಹೊಳೆಗಳೂ ಸುವರ್ಣಾವತಿ ನದಿಯ ಮೂಲಕ ಸೇರುತ್ತವೆ. ನಗರಕ್ಕೆ ಆ ನೀರಿನ ಹಂಗಿದೆಯೇ ಹೊರತು ಕಾಡಿನ ಒಡೆತನವಿಲ್ಲ; ‘ಕಾಡು ಎಲ್ಲರದು’ ಎನ್ನುತ್ತ ಕಾಡಿನಲ್ಲಿ ಇರುವವರನ್ನೇ ನಿರ್ಧಾರದಿಂದ ಹೊರಗಿಡುವ ವಾಡಿಕೆಗೆ ನಗರದ ಪರಿಸರಪ್ರೇಮ ಸಮ್ಮತಿಯಾಗಬಾರದು. ರಾಜ್ಯ ಸರ್ಕಾರವು ಹಕ್ಕುಪತ್ರ ಪಡೆದ ಪ್ರತಿ ಗ್ರಾಮಸಭೆಗೂ ತನ್ನ ಅರಣ್ಯದ ನಿರ್ವಹಣಾ ಯೋಜನೆಯನ್ನು ತಾನೇ ರೂಪಿಸುವ ಅಧಿಕಾರವನ್ನು ನಿಗದಿತ ದಿನಾಂಕದೊಳಗೆ ವಹಿಸಿಕೊಡಬೇಕು. ಅದಕ್ಕೆ ಬೇಕಾದ ಹಣವನ್ನು ಆಯವ್ಯಯದಲ್ಲಿ ಪ್ರತ್ಯೇಕವಾಗಿ ತೋರಿಸಿ, ಅರಣ್ಯ ಸಿಬ್ಬಂದಿಯು ಆ ಯೋಜನೆಗೆ ಬದ್ಧರಾಗಿ ಕೆಲಸ ಮಾಡುವಂತೆ ಲಿಖಿತ ಆದೇಶ ಹೊರಡಿಸಬೇಕು.