ಮೇವಿನ ಮಿಷನ್ನಿನ ಬಾಯಿಗೆ ಮುಚ್ಚಳ ಎಲ್ಲಿ?

ಹಾಲು ಉತ್ಪಾದಕ ತಾಯಂದಿರೇ, ಅಕ್ಕತಂಗಿಯರೇ,

ಈ ಸಲ ಕೆಚ್ಚಲು ಬಾವಿನ ಬಗ್ಗೆಯೋ ಖನಿಜ ಮಿಶ್ರಣದ ಬಗ್ಗೆಯೋ ಬರೆಯುತ್ತಿಲ್ಲ. ನಿಮ್ಮ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುವ ಚಾಫ್ ಕಟರ್ ಬಗ್ಗೆ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಗಬ್ಬ ನಿಲ್ಲದ ಹಸುವೊಂದನ್ನು ನೋಡಲು ಒಂದು ಮನೆಗೆ ಹೋಗಿದ್ದೆ. ಯಾವಾಗಲೂ ಹಗ್ಗ ಹಿಡಿದು ಪಕ್ಕದಲ್ಲೇ ನಿಲ್ಲುತ್ತಿದ್ದ ಆ ಮನೆಯ ಅಕ್ಕ ಅವತ್ತು ದೂರ ನಿಂತಿದ್ದರು. ಬಲಗೈ ಸೆರಗಿನೊಳಗಿತ್ತು. ಕೇಳಿದ ಮೇಲೆ ತೆಗೆದು ತೋರಿಸಿದರು. ತೋರುಬೆರಳು, ನಡುಬೆರಳು ಎರಡೂ ಬುಡಕ್ಕೇ ಹೋಗಿದ್ದವು. "ಡೈರಿಗೆ ಹೊತ್ತಾಗಿತ್ತು ಡಾಕ್ಟ್ರಮ್ಮ. ಕೊನೇ ಹಿಡಿ ಹುಲ್ಲು ಒಳಕ್ಕೆ ಹೋಗ್ತಿರಲಿಲ್ಲ, ಕೈಯಲ್ಲಿ ತಳ್ಳಿದೆ. ನನ್ನದೇ ತಪ್ಪು" ಅಂದರು. ಈಗ ಆ ಮನೆಯಲ್ಲಿ ಹಾಲು ಕರೆಯುವುದು ಅವರ ಗಂಡ. ಮೊಲೆತೊಟ್ಟನ್ನು ಮುಷ್ಟಿಯಲ್ಲಿ ಹಿಡಿಯಲು ಆ ಕೈಗೆ ಆಗುವುದಿಲ್ಲ.

ಆ ಮಿಷನ್ ತಗೊಳ್ಳಿ ಎಂದು ಹೇಳಿದವಳು ನಾನೇ. ಕತ್ತರಿಸಿ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುವುದಿಲ್ಲ, ಮೇವು ಉಳಿಯುತ್ತದೆ ಎಂದು ತರಬೇತಿಗಳಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದು ಈಗಲೂ ನಿಜ. ಆದರೆ ಹುಲ್ಲು ಹಾಕುವ ಬಾಯಿಯ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ.

ಆಕೆಯ "ನನ್ನದೇ ತಪ್ಪು" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಸು ನೋಡಿದ ಮೇಲೆ ಆ ಮಿಷನ್ ನೋಡಿದೆ. ಹುಲ್ಲು ಇಡುವ ತಗಡಿನ ತಟ್ಟೆ ಗೇಣುದ್ದ, ಮೇಲೆ ಮುಚ್ಚಳವಿಲ್ಲ. ಬೆರಳು ಚಾಚಿದರೆ ರೋಲರ್ ಸಿಗುತ್ತದೆ. ಬ್ಲೇಡಿನ ಚಕ್ರಕ್ಕೂ ಬೆಲ್ಟಿಗೂ ಕವಚವಿಲ್ಲ. ಸ್ವಿಚ್ ಕಂಬದ ಆ ಕಡೆ. ಮೋಟಾರಿನ ಮೇಲೆ ನಿಮಿಷಕ್ಕೆ 1440 ಸುತ್ತು ಎಂದು ಬರೆದಿತ್ತು, ಅಂದರೆ ಸೆಕೆಂಡಿಗೆ 24. ಪುಲ್ಲಿಯಲ್ಲಿ ವೇಗ ಇಳಿದು ಬ್ಲೇಡಿಗೆ ಬಂದರೂ, "ಅಯ್ಯೋ" ಅನ್ನುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ರೋಲರ್ ಎಳೆದುಕೊಂಡ ಕೈಯನ್ನು ಯಾವ ಎಚ್ಚರವೂ ಹಿಂದಕ್ಕೆ ತರುವುದಿಲ್ಲ.

ತಿರುಗುವ ಭಾಗಗಳಿಗೆ ಭದ್ರವಾದ ಕವಚ ಇರಬೇಕು, ಓಡುತ್ತಿರುವ ಯಂತ್ರದ ಪಟ್ಟಿ-ಚಕ್ರಗಳನ್ನು ಹೆಂಗಸರಿಂದ ಒರೆಸಿಸಬಾರದು, ಎಣ್ಣೆ ಹಾಕಿಸಬಾರದು ಎಂದು 1948ರ ಕಾರ್ಖಾನೆ ಕಾಯಿದೆಯಲ್ಲೇ ಬರೆದಿತ್ತು. ಕಾರ್ಖಾನೆಗಾದರೆ ಇನ್‌ಸ್ಪೆಕ್ಟರ್ ಬರುತ್ತಾರೆ. ನಿಮ್ಮ ಕೊಟ್ಟಿಗೆಗೆ ಯಾರು ಬರುತ್ತಾರೆ? ಮಿಷನ್ ಕೊಳ್ಳಲು ಗಂಡಸರು ಹೋಗುತ್ತಾರೆ. ಅಂಗಡಿಯಲ್ಲಿ ಓಡಿಸಿ ತೋರಿಸುವುದೂ ಅವರಿಗೇ. ದಿನಾ ಅದರ ಮುಂದೆ ನಿಲ್ಲುವವರು ಮಾತ್ರ ನೀವು.

ಆದ್ದರಿಂದ ಮಿಷನ್ ತರುವ ದಿನ ನೀವೂ ಅಂಗಡಿಗೆ ಹೋಗಿ. ಮೋಟಾರ್ ಆಫ್ ಇರುವಾಗ ತಟ್ಟೆಯೊಳಗೆ ಕೈ ಚಾಚಿ ನೋಡಿ. ಬೆರಳು ರೋಲರ್ ಮುಟ್ಟಿದರೆ ಅದು ಬೇಡ, ಎಷ್ಟು ಅಗ್ಗವಾದರೂ ಬೇಡ. ರೋಲರನ್ನು ಹಿಂದಕ್ಕೆ ತಿರುಗಿಸುವ ಲಿವರ್ ಇದೆಯೇ ಕೇಳಿ. ಮನೆಯಲ್ಲಿ ಈಗಾಗಲೇ ಇರುವುದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ತಟ್ಟೆ ಉದ್ದ ಮಾಡಿಸಿ ಮುಚ್ಚಳ ಹಾಕಿಸಬಹುದು, ಬೆಲ್ಟಿಗೆ ಜಾಲರಿ ಕಟ್ಟಿಸಬಹುದು. ಸ್ವಿಚ್ ನೀವು ನಿಂತಲ್ಲಿಂದಲೇ ಕೈಗೆ ಸಿಗಬೇಕು. ಕೊನೆಯ ಹಿಡಿಯನ್ನು ತಳ್ಳಲು ಮುಂದಿನ ಕಟ್ಟು ಇದೆ, ಕಟ್ಟಿಲ್ಲದಿದ್ದರೆ ಕೋಲಿದೆ. ಸೆರಗು ಸಿಕ್ಕಿಸಿ, ಜಡೆ ಎತ್ತಿ ಕಟ್ಟಿ ಎಂಬುದು ನಿಮಗೆ ಗೊತ್ತಿರುವುದೇ.

ನಮ್ಮ ಹಳ್ಳಿಗಳಲ್ಲಿ ನನಗೆ ಹೆಚ್ಚು ಭಯ ಕರೆಂಟಿನದು. ನೇಪಿಯರ್ ದಂಟು ಸಿಕ್ಕಿಕೊಂಡಿರುತ್ತದೆ, ಅಷ್ಟರಲ್ಲಿ ಕರೆಂಟ್ ಹೋಗುತ್ತದೆ. ಹೇಗೂ ನಿಂತಿದೆಯಲ್ಲ ಎಂದು ಕೈ ಹಾಕುತ್ತೀರಿ. ಸ್ವಿಚ್ ಆನ್ ಆಗಿಯೇ ಇದೆ. ಕರೆಂಟ್ ಹೇಳಿ ಕೇಳಿ ಬರುವುದಿಲ್ಲ. ಮೊದಲು ಸ್ವಿಚ್ ಆರಿಸಿ, ಪ್ಲಗ್ ಕಿತ್ತು ನಿಮ್ಮ ಕಣ್ಣೆದುರಿಗೆ ಇಟ್ಟುಕೊಳ್ಳಿ. ಆಫ್ ಮಾಡಿದ ಮೇಲೂ ಆ ಭಾರದ ಚಕ್ರ ಸುತ್ತುತ್ತಲೇ ಇರುತ್ತದೆ, ಪೂರ್ತಿ ನಿಂತ ಮೇಲೆ ದಂಟು ತೆಗೆಯಿರಿ.

ನಾನು ದನದ ಡಾಕ್ಟರು, ಆದರೂ ಇದನ್ನು ಹೇಳಬೇಕು. ಬೆರಳು ತುಂಡಾದರೆ ಗಾಯಕ್ಕೆ ಅರಿಸಿನ, ಕಾಫಿಪುಡಿ ತುಂಬಬೇಡಿ. ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ, 108ಕ್ಕೆ ಫೋನ್ ಮಾಡಿಸಿ. ತುಂಡಾದ ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ಜೊತೆಗೆ ಒಯ್ಯಿರಿ. ಐಸ್ ನೇರವಾಗಿ ಬೆರಳಿಗೆ ತಾಗಬಾರದು. ಎಲ್ಲ ಸಲವೂ ಜೋಡಿಸಲು ಆಗುವುದಿಲ್ಲ, ಆದರೆ ಬೆರಳೇ ಇಲ್ಲದೆ ಹೋದರೆ ಸರ್ಜನ್ ಏನು ಮಾಡಿಯಾರು? ಆ ಅಕ್ಕನ ಬೆರಳುಗಳನ್ನು ಅವತ್ತು ಯಾರೂ ಹುಡುಕಲೇ ಇಲ್ಲ.

ಹಸುವಿನ ಕಿವಿಗೆ ಓಲೆ ಹಾಕಿಸಿ ವಿಮೆ ಮಾಡಿಸುತ್ತೇವೆ. ನಿಮ್ಮ ಕೈಗೆ? ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಒಂದು ಕೈ ಪೂರ್ತಿ ಕೆಲಸಕ್ಕೆ ಬಾರದಂತಾದರೆ 1 ಲಕ್ಷ. ಎರಡು ಬೆರಳಿಗೆಂದು ಅದರಲ್ಲಿ ಏನೂ ಇಲ್ಲ. ಆದರೂ ಮಾಡಿಸಿ.

ಇನ್ನೊಂದು ಮಾತು, ಇದು ನನ್ನ ಸ್ವಂತ ಅಭಿಪ್ರಾಯ. ಸಹಾಯಧನ ಕೊಡುವವರು, ನಮ್ಮ ಒಕ್ಕೂಟವೂ ಸೇರಿದಂತೆ, ಕವಚ ಮತ್ತು ಮುಚ್ಚಳ ಇರುವ ಮಿಷನ್ನಿಗೆ ಮಾತ್ರ ಕೊಡಬೇಕು. ಓಡಿಸಿ ತೋರಿಸುವುದು ಹೆಂಗಸರಿಗೆ ಆಗಬೇಕು. ನಾನು ನೌಕರಳು, ಬರೆಯಬಹುದು ಅಷ್ಟೇ. ನೀವು ಸದಸ್ಯರು. ಮಹಾಸಭೆಯಲ್ಲಿ ಹಾಲಿನ ದರ ಕೇಳಲು ಎದ್ದು ನಿಂತಾಗ ಇದನ್ನೂ ಕೇಳಿ. ಅಲ್ಲಿಯವರೆಗೆ, ನಾನು ಹಸು ನೋಡಲು ಬಂದಾಗ ಮಿಷನ್ನನ್ನೂ ತೋರಿಸಿ. ಐದು ನಿಮಿಷ ತಡವಾದರೂ ನೋಡಿಯೇ ಹೋಗುತ್ತೇನೆ.