ಅತಿಥಿಗಳ ನಾಡಿನಲ್ಲೊಬ್ಬ ಅತಿಥಿ

ಕಚೇರಿಗಳಲ್ಲಿ ಬೀಳ್ಕೊಡುಗೆಯೆಂದರೆ ಒಂದು ಹಾರ, ನಾಲ್ಕು ಹೊಗಳಿಕೆ, ಮೇಲೆ ಕಾಫಿ-ಖಾರ; ಮರುದಿನ ಆ ಕುರ್ಚಿಯಲ್ಲಿ ಇನ್ನೊಬ್ಬರು. ಮೂರು ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಅಷ್ಟು ಸಾಕು. ಐವತ್ತೆರಡು ವರ್ಷ ಜೊತೆಗಿದ್ದವನನ್ನು ಕಳಿಸಿಕೊಡುವುದು ಹೇಗೆ? ಈ ಸಲ ಅಂಥವರೊಬ್ಬರ ಸಂಗತಿ.

ಬಾಸೆಲ್ ಮಿಷನ್ ಎಂದೊಡನೆ ನಮಗೆ ಮಂಗಳೂರು ನೆನಪಾಗುತ್ತದೆ: 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ನಿಘಂಟನ್ನು ಕೊಟ್ಟ ಕಿಟ್ಟೆಲ್, ಆಮೇಲೆ ಹೆಂಚು. ಅದೇ ಮಿಷನ್ನು ಚೀನಕ್ಕೂ ಇಬ್ಬರನ್ನು ಕಳಿಸಿತ್ತು. ಸ್ವೀಡನ್ನಿನ ಹಾಂಬೆರ್ಗ್, ಜರ್ಮನಿಯ ರುಡೋಲ್ಫ್ ಲೆಕ್ಲರ್. 1847ರಲ್ಲಿ ಹಾಂಗ್‌ಕಾಂಗಿನಲ್ಲಿ ಇಳಿದಾಗ ಲೆಕ್ಲರರಿಗೆ ಇಪ್ಪತ್ತೆರಡು ವಯಸ್ಸು. ಅಫೀಮು ಯುದ್ಧದ ಬೆನ್ನಿಗೇ ಬಂದ ಬಿಳಿಯರನ್ನು ಎಲ್ಲರೂ ಆದರಿಸಲಿಲ್ಲ. ಆದರಿಸದಿರುವುದಕ್ಕೆ ಚೀನೀಯರಿಗೆ ಕಾರಣವೂ ಇತ್ತೆನ್ನಿ. ಮೊದಲು ಹೋದ ಸೀಮೆಯಲ್ಲಿ ಕಾಲೂರಲಾಗದೆ ಲೆಕ್ಲರರು 1852ರಲ್ಲಿ ಹಕ್ಕಾ ಜನರ ನಡುವೆ ಬಂದರು. ಎರಡೇ ವರ್ಷದಲ್ಲಿ ಹಾಂಬೆರ್ಗ್ ತೀರಿಕೊಂಡರು.

ಹಕ್ಕಾ ಎಂದರೆ ನಮ್ಮ ಮಕ್ಕಳಿಗೆ ನೂಡಲ್ಸು. ನಿಜವಾದ ಅರ್ಥ ‘ಅತಿಥಿ ಮನೆತನ’. ಶತಮಾನಗಳ ಹಿಂದೆ ಉತ್ತರದಿಂದ ಗುಳೆ ಬಂದವರು. ಒಳ್ಳೆಯ ಗದ್ದೆಗಳನ್ನೆಲ್ಲ ಮೊದಲು ಬಂದವರು ಹಿಡಿದಿದ್ದರಿಂದ ಗುಡ್ಡದ ನೆಲ ಇವರ ಪಾಲಿಗೆ ಬಿತ್ತು. ಹೆಂಗಸರೂ ಹೊಲದಲ್ಲಿ ದುಡಿಯಬೇಕಾದ್ದರಿಂದ ಕಾಲು ಕಟ್ಟಿ ಕುಗ್ಗಿಸುವ ಪದ್ಧತಿ ಇವರಲ್ಲಿಲ್ಲ. ಎಷ್ಟೋ ತಲೆಮಾರು ಕಳೆದರೂ ‘ಅತಿಥಿ’ ಎಂಬ ಹೆಸರು ಮಾತ್ರ ಹೋಗಲಿಲ್ಲ. ಅವರದೊಂದು ಗಾದೆಯುಂಟು: ಹಿರಿಯರ ಹೊಲ ಮಾರಿದರೂ ಮಾರಬಹುದು, ಹಿರಿಯರ ಮಾತನ್ನು ಮರೆಯಬಾರದು. ನಮ್ಮ ಸಂಘದ ಬಾಗಿಲ ಮೇಲೆ ಬರೆಸಬಹುದಾದ ಮಾತು!

ಆ ಮಾತನ್ನೇ ಲೆಕ್ಲರರು ಹಿಡಿದುಕೊಂಡರು. ಸಾವಿರಾರು ಚೀನೀ ಅಕ್ಷರಗಳನ್ನು ಕಲಿಯಲಾಗದ ಹಳ್ಳಿಯವರೂ ಓದಿಕೊಳ್ಳಲೆಂದು ಹಕ್ಕಾ ನುಡಿಗೆ ರೋಮನ್ ಲಿಪಿ ಹೊಂದಿಸಿದರು. 1860ರಲ್ಲಿ ಮತ್ತಾಯನ ಸುವಾರ್ತೆ ಆ ಲಿಪಿಯಲ್ಲಿ ಬರ್ಲಿನ್ನಿನಲ್ಲಿ ಅಚ್ಚಾಯಿತು. 1880ರ ದಶಕದಲ್ಲಿ ಹಕ್ಕಾ ಕ್ರೈಸ್ತ ಕುಟುಂಬಗಳು ಉತ್ತರ ಬೋರ್ನಿಯೋಕ್ಕೆ ವಲಸೆ ಹೊರಟಾಗ ಅವರಿಗೆ ನೆರವಾದವರೂ ಇವರೇ. ಹೀಗೆ ಊರವರನ್ನು ಹಡಗು ಹತ್ತಿಸಿದವರು, 1899ರಲ್ಲಿ ತಾವೇ ಹಡಗು ಹತ್ತಬೇಕಾಯಿತು. ಆಗ ಎಪ್ಪತ್ತೈದರ ಆಸುಪಾಸು.

ನಮ್ಮಲ್ಲಿ ‘ಹೋಗುತ್ತೇನೆ’ ಅನ್ನಬಾರದು, ‘ಹೋಗಿ ಬರುತ್ತೇನೆ’ ಅನ್ನಬೇಕು. ಚೀನೀಯರ ವಿದಾಯದ ಮಾತಿಗೂ ‘ಮತ್ತೆ ಕಾಣೋಣ’ ಎಂದೇ ಅರ್ಥ. ಆ ವಯಸ್ಸಿನಲ್ಲಿ, ಅಷ್ಟು ದೂರದ ಸಮುದ್ರಯಾನದ ಮುಂದೆ, ಆ ಮಾತನ್ನು ನುಡಿಯುವವರಿಗೂ ಕೇಳುವವರಿಗೂ ನಿಜ ಗೊತ್ತಿರುತ್ತದೆ. ಆದರೂ ಅನ್ನದಿರಲಾಗದು. ಇಪ್ಪತ್ತೆರಡಕ್ಕೆ ಬಿಟ್ಟ ಊರು ಎಪ್ಪತ್ತೈದಕ್ಕೆ ಯಾರ ಊರು? ನಿವೃತ್ತಿಯಾದ ಮೇಲೆ ಧಾರವಾಡದಲ್ಲೋ ಮೈಸೂರಿನಲ್ಲೋ ಮನೆ ಕಟ್ಟಿಸುತ್ತೇನೆನ್ನುವ ನಮ್ಮ ಹಿರಿಯರನ್ನು ಕೇಳಿ ನೋಡಬೇಕು.

ಲೆಕ್ಲರರು 1908ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ಹಕ್ಕಾ ಸಭೆ 1924ರಲ್ಲಿ ಸ್ವಂತ ಹೆಸರಿಟ್ಟುಕೊಂಡು ತನ್ನ ಕಾಲ ಮೇಲೆ ನಿಂತಿತು. ಅವರು ಓಡಾಡಿದ ಲಿಲಾಂಗ್ ಹಳ್ಳಿಯನ್ನು ಈಗ ಷೆಂಜೆನ್ ಮಹಾನಗರ ನುಂಗಿದೆ. ಬೋರ್ನಿಯೋಕ್ಕೆ ಹೋದವರ ಸಭೆ ಮಾತ್ರ ಇಂದಿಗೂ ‘ಬಾಸೆಲ್’ ಎಂಬ ಹೆಸರನ್ನೇ ಇಟ್ಟುಕೊಂಡಿದೆ. ಬಾಸೆಲ್ ಪಟ್ಟಣವನ್ನು ಕಣ್ಣಾರೆ ಕಂಡವರು ಅವರಲ್ಲಿ ಎಷ್ಟು ಮಂದಿಯೋ!