ವಿರಳ ನಾಣ್ಯವೂ ಅದರ ಕಾಲನಿರ್ಣಯವೂ

ರೋಮನ್ ಚಕ್ರಾಧಿಪತ್ಯದ ಉತ್ತರಕಾಲದ ನಾಣ್ಯಗಳನ್ನು ಸಂಗ್ರಹಿಸುವವರಲ್ಲಿ ಎರಡು ಪಂಥಗಳುಂಟು. ನಾಣ್ಯ ಎಷ್ಟು ಅಪೂರ್ವವೆಂದು ಕೇಳುವವರು ಒಂದು ಪಂಥದವರು. ಅದು ಎಂದಿನದು, ಎಲ್ಲಿಯದು ಎಂದು ಕೇಳುವವರು ಇನ್ನೊಂದು ಪಂಥದವರು. ಮೊದಲನೆಯವರ ಸಂಖ್ಯೆ ಹೆಚ್ಚು, ಅವರ ಕೈಯಲ್ಲಿ ಹಣವೂ ಹೆಚ್ಚು. ಆದರೆ ಕಾಲವನ್ನೂ ನೆಲೆಯನ್ನೂ ಬಿಟ್ಟು ವಿರಳತೆಯೊಂದನ್ನೇ ಹಿಡಿದು ಹೊರಟ ಸಂಗ್ರಹವು ವಿದ್ಯೆಯೆನಿಸದು. ಅದು ಬರಿಯ ಭಂಡಾರವಾದೀತು.

ಈ ನಾಣ್ಯಗಳ ಮೇಲೆ ಇಸವಿಯನ್ನು ಕೆತ್ತುವ ರೂಢಿಯಿರಲಿಲ್ಲ. ಆದುದರಿಂದ ಕಾಲವನ್ನು ಅನ್ಯ ಲಕ್ಷಣಗಳಿಂದಲೇ ಊಹಿಸಬೇಕು. ಅರಸನ ಬಿರುದು, ಮುಖಭಾವ, ಕಿರೀಟದ ಬಗೆ, ಲೋಹದ ತೂಕ, ಎಲ್ಲಕ್ಕಿಂತ ಮಿಗಿಲಾಗಿ ಹಿಂಬದಿಯ ಅಡಿಯಲ್ಲಿ ಪುಟ್ಟ ಅಕ್ಷರಗಳಲ್ಲಿರುವ ಟಂಕಸಾಲೆಯ ಗುರುತು, ಇವೇ ಸಾಕ್ಷಿಗಳು. ಕಾಲೋಲ್ಲೇಖವಿಲ್ಲದ ಶಾಸನವನ್ನು ಬಿರುದಾವಳಿಯಿಂದಲೂ ಲಿಪಿಯಿಂದಲೂ ಅಳೆದು ನೋಡಿದವರಿಗೆ ಈ ಮಾರ್ಗ ಅಪರಿಚಿತವೇನಲ್ಲ.

ಒಂದು ನಿದರ್ಶನವನ್ನು ನೋಡಬಹುದು. ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಡದಿ ಫೌಸ್ತಾ ‘ಆಗಸ್ಟಾ’ ಎಂಬ ಪದವಿಯನ್ನು ಪಡೆದದ್ದು ಕ್ರಿ.ಶ. 324ರ ಕೊನೆಯಲ್ಲಿ. ಲಂಡನ್ನಿನ ಟಂಕಸಾಲೆ 325ರಲ್ಲಿ ಮುಚ್ಚಿತು. ಹೀಗಿರಲಾಗಿ ‘ಆಗಸ್ಟಾ’ ಎಂಬ ಬಿರುದೂ ಲಂಡನ್ನಿನ ಗುರುತೂ ಒಂದೇ ನಾಣ್ಯದ ಮೇಲೆ ಕಂಡರೆ, ಅದು ಆ ಕೆಲವು ತಿಂಗಳುಗಳಲ್ಲಿ ಅಚ್ಚಾದುದೆಂಬುದು ನಿಸ್ಸಂದೇಹ. 326ರಲ್ಲಿ ಆ ರಾಣಿಯೂ ಹತಳಾದಳು. ಅವಳ ಲಂಡನ್ ನಾಣ್ಯ ಹೆಚ್ಚಾಗಿ ದೊರೆಯದು. ಆದರೆ ಅದು ತಾಮ್ರದ ಅಲ್ಪ ನಾಣ್ಯವೇ ಹೊರತು ಚಿನ್ನವಲ್ಲ. ಅದಕ್ಕೆ ವಿರಳತೆ ಬಂದುದು ಕಾಲದ ಸಂಕೋಚದಿಂದ. ಈ ಕಾರಣವನ್ನು ಅರಿತವನ ಕೈಯಲ್ಲಿ ಆ ಬಿಲ್ಲೆ ಚರಿತ್ರೆಯ ಒಂದು ಪುಟ. ಅರಿಯದವನ ಕೈಯಲ್ಲಿ ಬೆಲೆಚೀಟಿ ಅಂಟಿದ ಲೋಹದ ತುಣುಕು.

ಸೂಚೀಗ್ರಂಥಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕಾನ್‌ಸ್ಟಂಟೈನನ ಕಾಲದ ನಾಣ್ಯಗಳಿಗೆ ಪ್ಯಾಟ್ರಿಕ್ ಬ್ರೂನ್ ಅವರು 1966ರಲ್ಲಿ ಹೊರತಂದ ಸಂಪುಟ ಇಂದಿಗೂ ಪ್ರಮಾಣಗ್ರಂಥ. ಅದರಲ್ಲಿ ನಾಣ್ಯಗಳಿಗೆ ವಿರಳತೆಯ ದರ್ಜೆಗಳಿವೆ. ಆದರೆ ಅವು ಅಂದು ಸಂಗ್ರಹಾಲಯಗಳಲ್ಲಿ ಕಂಡ ಪ್ರತಿಗಳನ್ನು ಆಧರಿಸಿದವು. ತರುವಾಯ ಲೋಹಶೋಧಕ ಯಂತ್ರಗಳು ಹೊಲಹೊಲಗಳಲ್ಲಿ ಓಡಾಡಿ, ಭೂಗರ್ಭದಿಂದ ಎಷ್ಟೋ ನಾಣ್ಯಗಳು ಮೇಲೆ ಬಂದಿವೆ. ಆದರೂ ಹಳೆಯ ದರ್ಜೆಯನ್ನೇ ವೇದವಾಕ್ಯವೆಂದು ಮುಂದಿಟ್ಟು ಬೆಲೆ ಕೂಗುವ ವ್ಯಾಪಾರಿಗಳಿಗೇನೂ ಕೊರತೆಯಿಲ್ಲ.

ನೆಲೆಯ ಮಹತ್ತ್ವವನ್ನು ಬಲ್ಲವರು ಡೊಮಿಷಿಯಾನಸ್ಸನ ಪ್ರಸಂಗವನ್ನು ಮರೆಯಲಾರರು. ಇವನು ಮೊದಲನೆಯ ಶತಮಾನದ ಪ್ರಸಿದ್ಧ ಡೊಮಿಷಿಯನ್ ಅಲ್ಲ, ಕ್ರಿ.ಶ. 271ರ ಸುಮಾರಿನಲ್ಲಿ ಗಾಲ್ ಪ್ರಾಂತದಲ್ಲಿ ಅತ್ಯಲ್ಪಕಾಲ ಸಿಂಹಾಸನವೇರಿದವನು. ಫ್ರಾನ್ಸಿನ ನಾಂತ್ ನಗರದ ಸಮೀಪದ ಲೆ ಕ್ಲೆಯೋಂ ಎಂಬಲ್ಲಿ 1900ರಲ್ಲಿ ದೊರೆತ ನಿಧಿಯೊಂದರಲ್ಲಿ ಅವನ ಹೆಸರಿನ ಒಂದೇ ಒಂದು ನಾಣ್ಯವಿತ್ತು. ಹೀಗೆ ಒಂಟಿಯಾಗಿ ಬಂದುದನ್ನು ವಿದ್ವಾಂಸರು ನಂಬಲಿಲ್ಲ, ಕೃತಕವೆಂದರು, ತಿದ್ದಿದುದೆಂದರು. ನೂರು ವರ್ಷ ಅದು ಆಪಾದಿತನಂತೆ ತಲೆತಗ್ಗಿಸಿ ಕುಳಿತಿತ್ತು. 2003ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನ ಚಾಲ್‌ಗ್ರೋವ್ ಎಂಬಲ್ಲಿ ಸುಮಾರು ಐದು ಸಾವಿರ ನಾಣ್ಯಗಳಿದ್ದ ಗಡಿಗೆಯೊಂದು ದೊರೆಯಿತು. ನಾಣ್ಯಗಳು ಕಿಲುಬು ಹಿಡಿದು ಒಂದಕ್ಕೊಂದು ಬೆಸೆದುಕೊಂಡಿದ್ದುವು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಅವನ್ನು ಬಿಡಿಸಿದಾಗ ಡೊಮಿಷಿಯಾನಸ್ಸನ ಎರಡನೆಯ ನಾಣ್ಯ ಹೊರಬಿತ್ತು. ಎರಡೂ ಒಂದೇ ಅಚ್ಚುಗಳಿಂದ ಹೊರಬಂದವೆಂದು ಪರಿಶೀಲನೆಯಿಂದ ಸಿದ್ಧವಾಯಿತು. ಹಿಂಬದಿಯಲ್ಲಿ ‘ಸೈನಿಕರ ಸಾಮರಸ್ಯ’ ಎಂಬರ್ಥದ ಲ್ಯಾಟಿನ್ ಲೇಖವಿದೆ. ಇಷ್ಟು ಬೇಗ ಅಳಿದ ಅರಸನಿಗೆ ಆ ಸಾಮರಸ್ಯ ಎಷ್ಟು ದಿನ ಒದಗಿತೋ!

ಇಲ್ಲಿ ಗಮನಿಸಬೇಕಾದುದು ಒಂದಂಶ. ಎರಡನೆಯ ನಾಣ್ಯವನ್ನು ಯಾರಾದರೂ ಬಿಡಿಯಾಗಿ ತೊಳೆದು ಹೊಳಪಿಸಿ ಸಂತೆಗೆ ತಂದಿದ್ದರೆ, ಅದಕ್ಕೂ ಮೊದಲನೆಯದರ ಗತಿಯೇ ಆಗುತ್ತಿತ್ತು. ಎರಡು ಸಂಶಯಗಳು ಕೂಡಿ ಒಂದು ನಿಶ್ಚಯವಾಗದು. ಅದು ಗಡಿಗೆಯೊಳಗೆ, ಸಮಕಾಲೀನ ನಾಣ್ಯಗಳ ಮಧ್ಯೆ, ಕಿಲುಬಿನ ಬಂಧದಲ್ಲಿ ದೊರೆತುದರಿಂದಲೇ ತನ್ನ ಪೂರ್ವಜನಿಗೂ ಮಾನ ತಂದಿತು. ನಿಧಿಯನ್ನು ಹಂಚಿ ಮಾರುವವನು ನಾಣ್ಯವನ್ನಲ್ಲ, ಸಾಕ್ಷ್ಯವನ್ನು ಮಾರುತ್ತಾನೆ.

ಸಂಗ್ರಾಹಕರ ಪಕ್ಷದಲ್ಲಿಯೂ ನ್ಯಾಯವಿದೆ. ಅವರ ಆಸ್ಥೆ ಇಲ್ಲದಿದ್ದರೆ ಎಷ್ಟೋ ತಾಮ್ರದ ಬಿಲ್ಲೆಗಳು ಕಂಚುಗಾರರ ಮೂಸೆಯನ್ನು ಸೇರುತ್ತಿದ್ದುವು. ಸಂಗ್ರಹಾಲಯದ ಕಪಾಟಿನಲ್ಲಿ ಯಾರೂ ನೋಡದೆ ಉಳಿಯುವುದಕ್ಕಿಂತ ರಸಿಕನ ಮೇಜಿನ ಮೇಲಿರುವುದು ಲೇಸೆಂಬ ವಾದವನ್ನೂ ತಳ್ಳಿಹಾಕಲಾಗದು. ಆದರೆ ಆ ರಸಿಕನು ದೊರೆತ ಊರು, ಜೊತೆಗಿದ್ದ ನಾಣ್ಯಗಳು, ತೂಕ, ಕೊಂಡ ದಿನ ಇಷ್ಟನ್ನಾದರೂ ಪುಸ್ತಕದಲ್ಲಿ ಬರೆದಿಟ್ಟಿರಬೇಕು. ಹುಣಸೆಹಣ್ಣು ಹಚ್ಚಿ ಉಜ್ಜದಿರಬೇಕು. ಹಸಿರು ಕಿಲುಬಿನ ಪದರದ ಜೊತೆಗೆ ಅಕ್ಷರಗಳ ಅಂಚೂ ಸವೆದುಹೋದರೆ ಟಂಕಸಾಲೆಯನ್ನು ಹೇಳುವವರಾರು?

ಈ ಮಾತು ಕನ್ನಡನಾಡಿಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಉತ್ತರಕಾಲದ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ದಕ್ಷಿಣ ಭಾರತದಲ್ಲಿ ದೊರೆತ ಇಂತಹ ಚಿನ್ನದ ನಾಣ್ಯಗಳಲ್ಲಿ ಕೆಲವಕ್ಕೆ ಅರಸನ ತಲೆಯ ಮೇಲ್ಭಾಗದಲ್ಲಿ ಎರಡು ರಂಧ್ರಗಳುಂಟು. ದಾರಕ್ಕೆ ಪೋಣಿಸಿ ಆಭರಣವಾಗಿ ಧರಿಸುತ್ತಿದ್ದುದರ ಗುರುತು ಅದು. ಬೆಲೆಪಟ್ಟಿಯಲ್ಲಿ ಇದು ದೋಷ. ತೂತಿನ ನಾಣ್ಯಕ್ಕೆ ಅರ್ಧ ಬೆಲೆಯನ್ನೂ ಕೊಡದವರುಂಟು. ಕಡಲು ದಾಟಿ ಬಂದ ಚಿನ್ನ ಈ ನೆಲದ ಕೊರಳಿಗೆ ಹೇಗೆ ಏರಿತೆಂಬುದನ್ನು ತಿಳಿಸುವುದು ಮಾತ್ರ ಆ ಎರಡು ತೂತುಗಳೇ.